ಮದ್ದೂರು, ಮಂಡ್ಯ, ಮೈಸೂರಿನ ಸಣ್ಣ ಘಟಕಗಳಲ್ಲಿ ಉಳಿಯುವ ಎಣ್ಣೆ, ಕಬ್ಬಿನ ರಚ್ಚು, ಭತ್ತದ ಹೊಟ್ಟು: ತೂಗಿ ನೋಡಿದವರು ಇದ್ದೀರಾ?

ಕುರುಕಲು ತಿಂಡಿ ಘಟಕದ ಒಡತಿ, ಮದ್ದೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಒಂಬತ್ತು ಮಂದಿ ದುಡಿಯುವ ಸಣ್ಣ ಘಟಕ. ಕೋಡುಬಳೆ, ಚಕ್ಕುಲಿ, ನಿಪ್ಪಟ್ಟು, ವಡೆಗಳನ್ನು ಕರಿದು ಮಂಡ್ಯದಿಂದ ಚನ್ನಪಟ್ಟಣದವರೆಗಿನ ಅಂಗಡಿಗಳಿಗೆ ಕೊಡುತ್ತೇವೆ. ಯುಗಾದಿ ಮುಗಿದ ಮೇಲೆ ನಾನೊಂದು ಅಭ್ಯಾಸ ಇಟ್ಟುಕೊಂಡೆ. ಒಳಗೆ ಬರುವ ಅಕ್ಕಿಹಿಟ್ಟು, ಎಣ್ಣೆ, ಈರುಳ್ಳಿಯನ್ನು ತೂಗಿ ಬರೆದುಕೊಳ್ಳುವಂತೆಯೇ ಹೊರಗೆ ಹೋಗುವುದನ್ನೂ ಅದೇ ತಕ್ಕಡಿಯಲ್ಲಿ ತೂಗಿ ಬರೆಯತೊಡಗಿದೆ. ಕಪ್ಪಾದ ಎಣ್ಣೆ, ಈರುಳ್ಳಿ ಸಿಪ್ಪೆ, ಮುರಿದ ತಿಂಡಿ, ಹಿಟ್ಟಿನ ಚೀಲ, ಎಣ್ಣೆಯ ಡಬ್ಬ, ರಟ್ಟು ಎಲ್ಲಕ್ಕೂ ಬೇರೆ ಬೇರೆ ಪುಟ.

ಮೊದಲ ತಿಂಗಳ ಕೊನೆಗೆ ಕೂಡಿ ನೋಡಿದಾಗ ನನಗೆ ನಿಜವಾಗಿಯೂ ನೋವಾಯಿತು. ಡಬ್ಬ, ರಟ್ಟು, ಚೀಲ ಮಾರಿ ಬಂದ ಹಣವೆಲ್ಲ ಸೇರಿದರೂ, ಕಪ್ಪಾಯಿತೆಂದು ಬಾಣಲೆಯಿಂದ ತೆಗೆದ ಎಣ್ಣೆಯನ್ನು ನಾವು ಕೊಂಡಿದ್ದ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ತಿಂಗಳಿಗೆ ಸುಮಾರು 60 ಲೀಟರ್ ಎಣ್ಣೆ ಹಾಗೆ ಹೋಗುತ್ತಿತ್ತು. ಒಂದು ಕೆಲಸದಲ್ಲಿ ಉಳಿದದ್ದನ್ನು ಎಸೆಯದೆ ಮತ್ತೆ ಬಳಕೆಗೆ ತರುವ ಚಕ್ರೀಯ ಆರ್ಥಿಕತೆಯ ಬಗ್ಗೆ ಕೇಳಿದಾಗಲೆಲ್ಲ ಉಳಿದದ್ದನ್ನು ಯಾರಿಗೆ ಮಾರಬೇಕು ಎಂಬ ಮಾತೇ ಮೊದಲು ಬರುತ್ತದೆ. ನನ್ನ ಪುಸ್ತಕ ಕೇಳಿದ್ದು ಬೇರೆ ಪ್ರಶ್ನೆಯನ್ನು: ಇಷ್ಟು ಉಳಿಯುವುದಾದರೂ ಏಕೆ?

ಕಾರಣ ಬಾಣಲೆಯ ತಳದಲ್ಲಿತ್ತು. ಉದುರಿದ ಹಿಟ್ಟಿನ ಚೂರು ತಳಕ್ಕಿಳಿದು ಕರಕಲಾಗುತ್ತದೆ, ಹಿಟ್ಟಿನ ನೀರಿನಂಶ ಎಣ್ಣೆಯನ್ನು ಒಡೆಯುತ್ತದೆ, ಹಳೆಯ ಕಬ್ಬಿಣದ ಬಾಣಲೆಯೂ ಅದಕ್ಕೆ ಕೈಜೋಡಿಸುತ್ತದೆ. ಈಗ ಎರಡು ಗಂಟೆಗೊಮ್ಮೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯಿಂದ ಚೂರು ತೆಗೆಯುತ್ತೇವೆ, ರಾತ್ರಿ ಎಣ್ಣೆ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಮುಚ್ಚಿಡುತ್ತೇವೆ, ಎರಡು ಒಬ್ಬೆಗಳ ನಡುವೆ ಉರಿ ತಗ್ಗಿಸುತ್ತೇವೆ. ಹೊಸ ಯಂತ್ರ ಯಾವುದನ್ನೂ ಕೊಳ್ಳಲಿಲ್ಲ. ಹೊರಗೆ ಹೋಗುವ ಎಣ್ಣೆ ಈಗ ತಿಂಗಳಿಗೆ 35 ಲೀಟರ್ ಆಸುಪಾಸಿಗೆ ಇಳಿದಿದೆ.

ಆ 35 ಲೀಟರ್ ನನ್ನ ಚಿಂತೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಒಡೆದಾಗ ಹುಟ್ಟುವ ಅಂಶಗಳು) ಶೇ 25 ಮೀರಿದರೆ ಅದನ್ನು ಅಡುಗೆಗೆ ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ದಾಖಲೆ ಇಟ್ಟು, ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಬೇಕು. ನಮ್ಮ ಬಳಕೆ ಅಷ್ಟಿಲ್ಲವಾದ್ದರಿಂದ ನಮ್ಮನ್ನು ಯಾರೂ ಕೇಳುವುದಿಲ್ಲ. ಕ್ಯಾನು ಹಿಡಿದು ಬರುವ ಕೆಲವರು ಮಾತ್ರ ನಗದು ಕೊಟ್ಟು ಒಯ್ಯಲು ಸಿದ್ಧರಿದ್ದಾರೆ. ಅದು ಮತ್ತೆ ಯಾರದೋ ತಳ್ಳುಗಾಡಿಯ ಬಾಣಲೆಗೆ ಬಿದ್ದರೆ ನಾನು ಎಣಿಸಿಕೊಂಡ ಹಣ ಯಾರದೋ ಮಕ್ಕಳ ಆರೋಗ್ಯದ ಬೆಲೆಯಾಗುತ್ತದೆ. ಇಷ್ಟು ಕಡಿಮೆ ಎಣ್ಣೆಯನ್ನು ಸರಿಯಾದ ಕೈಗೆ ತಲುಪಿಸಿದವರು ಯಾರಾದರೂ ಇದ್ದೀರಾ?

ಹೋಟೆಲು ನಡೆಸುವವರು, ಸರಸ್ವತಿಪುರಂ, ಮೈಸೂರು

ಮೇಡಂ, ಬಯೋಡೀಸೆಲ್ ತಯಾರಕರ ಪರವಾಗಿ ಎಣ್ಣೆ ಸಂಗ್ರಹಿಸುವವರು ನಮ್ಮಲ್ಲಿಗೆ ಬರುತ್ತಾರೆ. 20, 30 ಲೀಟರಿಗಾಗಿ ವಾಹನ ಕಳಿಸಿದರೆ ಅವರಿಗೆ ಡೀಸೆಲ್ ಖರ್ಚೇ ಹುಟ್ಟುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ನಿಮ್ಮ ಊರಿನ ನಾಲ್ಕೈದು ಘಟಕಗಳು, ಬೇಕರಿಗಳು ಸೇರಿ ಒಂದೇ ಜಾಗದಲ್ಲಿ 200 ಲೀಟರಿನ ಡ್ರಮ್ ಇಟ್ಟರೆ ಮಾತು ಬೇರೆ. ಆದರೆ ಡ್ರಮ್ಮಿಗೆ ನೀರು ಸೇರದಂತೆ ಕಾಯಬೇಕು. ಎಣ್ಣೆಯನ್ನು ಮೆಥನಾಲ್ ಮತ್ತು ಕ್ಷಾರದ ಜೊತೆ ಬೆರೆಸಿ ಬಯೋಡೀಸೆಲ್ ಮಾಡುವಾಗ ತೂಕದಲ್ಲಿ ಹತ್ತನೇ ಒಂದು ಭಾಗದಷ್ಟು ಗ್ಲಿಸರಿನ್ ಬೇರ್ಪಡುತ್ತದೆ. ಎಣ್ಣೆಯಲ್ಲಿ ನೀರಿದ್ದರೆ ಬಯೋಡೀಸೆಲಿನ ಬದಲು ಸಾಬೂನು ಕಟ್ಟಿಕೊಳ್ಳುತ್ತದೆ. ಒಬ್ಬರು ತೊಳೆದ ನೀರು ಸುರಿದರೆ ಐವರ ಎಣ್ಣೆಯೂ ಹಾಳು.

ಉಳಿಯುವುದೇಕೆ ಎಂಬ ನಿಮ್ಮ ಪ್ರಶ್ನೆಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ಅಡುಗೆಮನೆಯ ತ್ಯಾಜ್ಯ ದಿನಕ್ಕೆ 100 ಕೆಜಿ ಬರುತ್ತದೆಂದು ಲೆಕ್ಕ ಹಾಕಿ ನಾವು ಜೈವಿಕ ಅನಿಲ ಸ್ಥಾವರ ಕಟ್ಟಿಸಿದೆವು. ಅಷ್ಟು ತ್ಯಾಜ್ಯಕ್ಕೆ ನಾಲ್ಕು ಕೆಜಿ ಸಿಲಿಂಡರ್ ಅನಿಲಕ್ಕೆ ಸಮನಾದ ಉರಿ ಸಿಗುತ್ತಿತ್ತು. ಆಮೇಲೆ ಅನ್ನ, ಸಾಂಬಾರನ್ನು ಒಂದೇ ಸಲ ಮಾಡಿಡುವ ಬದಲು ಸಣ್ಣ ಪಾತ್ರೆಗಳಲ್ಲಿ ಮೂರು ಬಾರಿ ಮಾಡುವ ಕ್ರಮ ತಂದಾಗ ತ್ಯಾಜ್ಯವೇ ಅರ್ಧಕ್ಕಿಳಿಯಿತು, ಸ್ಥಾವರ ಹಸಿದು ಕುಳಿತಿತು. ಹಾಗೆ ಉಳಿತಾಯವಾದ ಅಕ್ಕಿ, ಬೇಳೆಯ ಬೆಲೆ ಆ ಅನಿಲದ ಬೆಲೆಗಿಂತ ಬಹಳ ಹೆಚ್ಚು. ಮೊದಲು ಅಡುಗೆಯ ಕ್ರಮ ಸರಿಪಡಿಸಿ ಆಮೇಲೆ ಸ್ಥಾವರದ ಅಳತೆ ಗೊತ್ತುಮಾಡಿದ್ದರೆ ಕಟ್ಟಿದ ಸಾಲ ಕಡಿಮೆಯಾಗುತ್ತಿತ್ತು.

ಆಲೆಮನೆ ಯಜಮಾನರು, ಪಾಂಡವಪುರ ತಾಲ್ಲೂಕು

ನಮ್ಮ ಕಸುಬಿನಲ್ಲಿ ಮರುಬಳಕೆ ಹೊಸದಲ್ಲ. ಗಾಣದಲ್ಲಿ ಕಬ್ಬಿನ ರಸ, ನಮ್ಮ ಮಾತಿನಲ್ಲಿ ಹಾಲು, ಹಿಂಡಿದ ಮೇಲೆ ಉಳಿಯುವ ಸಿಪ್ಪೆಯೇ ರಚ್ಚು. ಅದು ಒಣಗಿ ಅದೇ ಕೊಪ್ಪರಿಗೆಯ ಕೆಳಗೆ ಉರಿಯಾಗುತ್ತದೆ, ಹಾಲು ಕಾಯುವಾಗ ತೆಗೆದ ಮಡ್ಡಿ ಗೊಬ್ಬರದ ಗುಂಡಿಗೆ ಹೋಗುತ್ತದೆ, ಒಲೆಯ ಬೂದಿ ಗದ್ದೆಗೆ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಮೈಷುಗರ್ ಕಾರ್ಖಾನೆ ಸ್ಥಾಪನೆಯಾದದ್ದು 1933ರಲ್ಲಿ. ಸಕ್ಕರೆ ಕಾರ್ಖಾನೆಗಳು ರಚ್ಚಿನಿಂದ ಬಾಯ್ಲರ್ ಉರಿಸಿ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ತೆಗೆಯುವುದನ್ನು ಈ ಸೀಮೆಯವರು ತಲೆಮಾರುಗಳಿಂದ ಬಲ್ಲರು.

ಈಗ ಪರಿಸ್ಥಿತಿ ಹಾಗಿಲ್ಲ. ಕಾಗದ ಮಾಡುವುದಕ್ಕೆಂದು ಹೊರಗಿನವರು ರಚ್ಚಿಗೆ ಒಳ್ಳೆಯ ಬೆಲೆ ಕೊಡುತ್ತೇವೆಂದು ಕೇಳಿಕೊಂಡು ಬರುತ್ತಾರೆ. ಅದನ್ನು ಹರಡಿ ಒಣಗಿಸಲು ಜಾಗವೂ ಬೇಕು, ಆಳೂ ಬೇಕು. ಹಾಗಾಗಿ ಹಸಿ ರಚ್ಚನ್ನೇ ಲಾರಿಗೆ ತುಂಬಿ ಮಾರಿ, ಉರಿಗೆ ಅಗ್ಗದ ಬೇರೆ ವಸ್ತು ತರುವವರು ಹೆಚ್ಚಿದ್ದಾರೆ. ನನ್ನ ಪಾಲಿಗೂ ಇದು ಲಾಭದ ಲೆಕ್ಕವಾಗಿಯೇ ಕಾಣುತ್ತದೆ. ನನ್ನ ರಚ್ಚು ಕಾಗದವಾಗುವುದೂ ಚಕ್ರೀಯ ಆರ್ಥಿಕತೆಯೇ ಅಲ್ಲವೇ ಎಂದು ಬಲ್ಲವರನ್ನು ಕೇಳುತ್ತೇನೆ.

ಆಲೆಮನೆಗಳ ನಡುವಿನ ಊರಿನ ನಿವಾಸಿ, ಮಂಡ್ಯ ತಾಲ್ಲೂಕು

ಯಜಮಾನರೇ, ತಾವು ಅಗ್ಗದ ಬೇರೆ ವಸ್ತು ಎಂದು ಹೇಳಿ ಮುಂದಕ್ಕೆ ಹೋದಿರಿ. ಅದರ ಹೆಸರನ್ನು ನಾನು ಹೇಳುತ್ತೇನೆ. ಅದು ಹಳೆಯ ಟಯರು, ಪ್ಲಾಸ್ಟಿಕ್ ಚಿಂದಿ. ತಾವು ಅದನ್ನು ಉರಿಸುತ್ತೀರಿ ಎಂದು ನಾನು ಹೇಳುತ್ತಿಲ್ಲ, ಉರಿಸುವ ಆಲೆಮನೆಯ ಹೊಗೆಯಲ್ಲಿ ನಾವು ಬಟ್ಟೆ ಒಣಹಾಕುತ್ತೇವೆ. ನಮ್ಮ ತಾಯಿಯವರಿಗೆ ಉಬ್ಬಸವಿದೆ. ಹಂಗಾಮಿನ ರಾತ್ರಿಗಳಲ್ಲಿ ಕಿಟಕಿ ಮುಚ್ಚಿಕೊಂಡೇ ಮಲಗುತ್ತೇವೆ.

ಟಯರಿನಲ್ಲಿ ಗಂಧಕವಿದೆ, ಸತುವಿದೆ, ಉಕ್ಕಿನ ತಂತಿಯಿದೆ. ರಚ್ಚಿನ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಹಿರಿಯರು ಅದನ್ನು ಗದ್ದೆಗೆ ಎರಚುತ್ತಿದ್ದರು. ಅದಕ್ಕೆ ಟಯರಿನ ಬೂದಿ ಒಂದು ಮಂಕರಿ ಸೇರಿದರೂ ಅದು ಗದ್ದೆಗೆ ಹೋಗುವಂತಿಲ್ಲ, ರಸ್ತೆಬದಿಯಲ್ಲಿ ಗುಡ್ಡೆಯಾಗಿ ಬೀಳುತ್ತದೆ. ರಚ್ಚು ಮಾರಿದ ಹಣವನ್ನು ಎಣಿಸುವಾಗ ಹಾಳಾದ ಬೂದಿಯನ್ನು, ನಮ್ಮ ಉಸಿರನ್ನು ಯಾರ ಖಾತೆಗೆ ಬರೆಯಬೇಕು?

ನಿವೃತ್ತ ಮೆಕ್ಯಾನಿಕಲ್ ಉಪನ್ಯಾಸಕರು, ಮೈಸೂರು

ಇಬ್ಬರ ಮಾತನ್ನೂ ಲೆಕ್ಕದಲ್ಲಿಟ್ಟು ನೋಡೋಣ. ಒಂದು ಟನ್ ಕಬ್ಬು ಅರೆದರೆ ಸಾಮಾನ್ಯ ಮೂರು ಉರುಳೆಯ ಗಾಣದಲ್ಲಿ ಸುಮಾರು 600 ಕೆಜಿ ಹಾಲು, 400 ಕೆಜಿ ಹಸಿ ರಚ್ಚು ಸಿಗುತ್ತದೆ, ಬೆಲ್ಲ 100 ಕೆಜಿಯ ಆಸುಪಾಸು. ಅಂದರೆ ಕೊಪ್ಪರಿಗೆಯಿಂದ ಸುಮಾರು 500 ಕೆಜಿ ನೀರನ್ನು ಆವಿ ಮಾಡಬೇಕು. ಕುದಿಯುವ ಒಂದು ಕೆಜಿ ನೀರು ಆವಿಯಾಗಲು 2.26 ಮೆಗಾಜೂಲ್ ಶಾಖ ಬೇಕು. ಹಾಲನ್ನು ಕುದಿಗೆ ತರುವ ಶಾಖವೂ ಸೇರಿದರೆ ಒಟ್ಟು ಅಗತ್ಯ 1,300 ಮೆಗಾಜೂಲಿನಷ್ಟು.

ಈಗ ಉರುವಲಿನ ಕಡೆ ಬನ್ನಿ. ಹಸಿ ರಚ್ಚಿನಲ್ಲಿ ಅರ್ಧದಷ್ಟು ನೀರು. ಉಳಿದ 200 ಕೆಜಿ ಒಣ ನಾರು ಕೆಜಿಗೆ ಸುಮಾರು 17 ಮೆಗಾಜೂಲಿನಂತೆ 3,400 ಮೆಗಾಜೂಲ್ ಕೊಡಬಲ್ಲದು. ಹಸಿಯಾಗಿಯೇ ಒಲೆಗೆ ತಳ್ಳಿದರೆ ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಅದರಲ್ಲಿ 500ರಷ್ಟು ಹೋಗುತ್ತದೆ. ಚೆನ್ನಾಗಿ ಒಣಗಿಸಿದರೆ ಒಟ್ಟು ಶಾಖದಲ್ಲಿ ಶೇ 40ರಷ್ಟು ಕೊಪ್ಪರಿಗೆಗೆ ಮುಟ್ಟಿದರೂ ಸ್ವಂತ ರಚ್ಚು ಸಾಕು. ಹಳೆಯ ಗುಳಿ ಒಲೆಗಳಲ್ಲಿ ಅದರ ಅರ್ಧದಷ್ಟು ಮುಟ್ಟುವುದೂ ಕಷ್ಟ, ಉಳಿದದ್ದು ಚಿಮಣಿಯಲ್ಲಿ ಹೋಗುತ್ತದೆ. ಕೊರತೆ ಹುಟ್ಟುವುದು ಇಲ್ಲಿ. ಟಯರು ಆ ಕೊರತೆಯನ್ನು ತುಂಬಲು ಬಂದದ್ದು.

ಹಾಗಾಗಿ ರಚ್ಚು ಮಾರಬೇಕೋ ಬೇಡವೋ ಎಂಬುದಕ್ಕಿಂತ ಮೊದಲು ಒಲೆಯ ವಿಷಯ ತೀರ್ಮಾನವಾಗಬೇಕು. ಚಿಮಣಿಗೆ ಹೋಗುವ ಬಿಸಿ ಗಾಳಿಯ ದಾರಿಯಲ್ಲಿ ಎರಡನೆಯ ಕೊಪ್ಪರಿಗೆ ಕೂರಿಸಿದರೆ ಮುಂದಿನ ಪಾಕದ ಹಾಲು ಪುಕ್ಕಟೆಯಾಗಿ ಬಿಸಿಯಾಗುತ್ತದೆ. ಲಖನೌದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆ ಇದೇ ತತ್ವದ ಮೇಲೆ ಮೂರು ಕೊಪ್ಪರಿಗೆಯ ಒಲೆಯನ್ನು ರೂಪಿಸಿದೆ. ಒಲೆಯ ತಳಕ್ಕೆ ಕಬ್ಬಿಣದ ಜಾಲರಿ ಹಾಕಿ ಗಾಳಿ ಕೆಳಗಿನಿಂದ ಬರುವಂತೆ ಮಾಡುವುದು, ಕೊಪ್ಪರಿಗೆಯ ಅಂಚಿನ ಸಂದುಗಳನ್ನು ಮಣ್ಣಿನಿಂದ ಮುಚ್ಚುವುದು, ಚಿಮಣಿಯಲ್ಲಿ ತಗ್ಗಿಸಿ ಏರಿಸಬಹುದಾದ ತಗಡು ಇಡುವುದು ಊರಿನ ಗಾರೆಯವರೇ ಮಾಡಬಹುದಾದ ಕೆಲಸಗಳು. ಹೀಗೆ ಮಾಡಿದ ಮೇಲೂ ರಚ್ಚು ಮಿಕ್ಕರೆ ಅದನ್ನು ಕಾಗದಕ್ಕೆ ಮಾರಿರಿ, ಅದು ನ್ಯಾಯವಾದ ಮಾರಾಟ. ಕೊರತೆ ಇಟ್ಟುಕೊಂಡು ಮಾರಿ ಟಯರು ತರುವುದನ್ನು ಚಕ್ರೀಯ ಆರ್ಥಿಕತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಪಕ್ಕದಲ್ಲೇ ಮಂಡ್ಯದ ವಿ.ಸಿ. ಫಾರಂನಲ್ಲಿ ವಲಯ ಕೃಷಿ ಸಂಶೋಧನಾ ಕೇಂದ್ರವಿದೆ. ಒಲೆ ಒಡೆದು ಕಟ್ಟುವ ಮೊದಲು ಅಲ್ಲಿನ ತಜ್ಞರನ್ನೊಮ್ಮೆ ಕಂಡು ಬನ್ನಿ.

ಗುಜರಿ ವ್ಯಾಪಾರಿ, ಮಂಡ್ಯ

ನಾನು ಇಪ್ಪತ್ತೆರಡು ವರ್ಷದಿಂದ ಈ ವ್ಯಾಪಾರದಲ್ಲಿದ್ದೇನೆ. ಇಲ್ಲಿ ಎಲ್ಲರೂ ವಸ್ತುವಿನ ಮಾತಾಡುತ್ತಿದ್ದೀರಿ, ಅದು ಬೆರೆತುಹೋಗುವ ಗಳಿಗೆಯ ಮಾತನ್ನು ನಾನು ಹೇಳಬೇಕು. ಒಂದು ಅಂಗಡಿಯ ರಟ್ಟು ಒಣಗಿದ್ದು, ಅಂಟುಪಟ್ಟಿ ಕಿತ್ತು, ಚಪ್ಪಟೆ ಮಾಡಿ ಕಟ್ಟಿದ್ದರೆ ನಾನು ಅದಕ್ಕೆ ಪೂರ್ಣ ದರ ಕೊಡುತ್ತೇನೆ. ಅದೇ ರಟ್ಟು ಹೋಟೆಲಿನ ಸಾಂಬಾರಿನಲ್ಲಿ ನೆನೆದು ಬಂದರೆ ನನಗೆ ಬೇಡ, ಏಕೆಂದರೆ ಎಣ್ಣೆ ಹತ್ತಿದ ಕಾಗದದಿಂದ ತಿರುಳು ಸರಿಯಾಗಿ ಬಾರದು, ಮಿಲ್ಲಿನವರು ಲಾರಿಯನ್ನೇ ಹಿಂದಕ್ಕೆ ಕಳಿಸುತ್ತಾರೆ. ವಸ್ತು ಒಂದೇ, ತೂಕವೂ ಒಂದೇ, ನಡುವೆ ಆದದ್ದು ಅರ್ಧ ನಿಮಿಷದ ಉದಾಸೀನ.

ಪ್ಲಾಸ್ಟಿಕ್ಕಿನಲ್ಲಿ ಇದು ಇನ್ನೂ ಕಠಿಣ. ಹಾಲಿನ ಕವರು, ಹಿಟ್ಟಿನ ಚೀಲ, ನೀರಿನ ಬಾಟಲಿ ಮೂರೂ ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್. ಬೇರೆ ಬೇರೆ ಇದ್ದರೆ ಮೂರಕ್ಕೂ ಗಿರಾಕಿ ಇದ್ದಾರೆ. ತಿಂಡಿಯ ಪೊಟ್ಟಣಗಳಲ್ಲಿ ಒಳಗೆ ಬೆಳ್ಳಿಯಂತೆ ಹೊಳೆಯುವ ಪದರವಿರುವುದನ್ನು ಯಾರೂ ಕೊಳ್ಳುವುದಿಲ್ಲ, ಪದರಗಳು ಒಂದಕ್ಕೊಂದು ಅಂಟಿರುವುದರಿಂದ ಬಿಡಿಸಲಾಗದು. ಬಹುಮಟ್ಟಿಗೆ ಸಿಮೆಂಟ್ ಗೂಡಿನಲ್ಲಿ ಉರಿಯುವುದೊಂದೇ ಅದಕ್ಕೆ ಉಳಿದ ದಾರಿ. ಮದ್ದೂರಿನ ಮೇಡಂ ಅವರು ಯಾವ ಪೊಟ್ಟಣ ಬಳಸುತ್ತಾರೋ ನನಗೆ ಗೊತ್ತಿಲ್ಲ, ಆದರೆ ಸಾಧ್ಯವಿದ್ದರೆ ಒಂದೇ ಪದರದ್ದನ್ನು ಬಳಸಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ಮಾತು. ನಮ್ಮ ಗೋದಾಮಿನಲ್ಲಿ ವಿಂಗಡಿಸುವ ಹೆಣ್ಣುಮಕ್ಕಳ ಕೈಗೆ ಗಾಜಿನ ಚೂರು, ಬ್ಲೇಡು ಸಿಗುವುದು ನಿಮ್ಮ ಚೀಲಗಳಿಂದಲೇ. ಬೇರೆ ಮಾಡಿ ಕೊಡುವುದರಿಂದ ನಿಮಗೆ ಸಿಗುವ ನಾಲ್ಕು ಕಾಸಿಗಿಂತ ಆ ಕೈಗಳು ನನಗೆ ದೊಡ್ಡವು.

ಮುದ್ರಣಾಲಯ, ಮೈಸೂರು

ಗುಜರಿಯವರ ಮಾತು ನಮ್ಮಲ್ಲೂ ಅಕ್ಷರಶಃ ನಿಜ. ಕತ್ತರಿಸುವ ಯಂತ್ರದ ಪಕ್ಕ ಎರಡು ಡಬ್ಬ ಇಟ್ಟು, ಅಚ್ಚಾಗದ ಬಿಳಿ ಅಂಚನ್ನು ಬಣ್ಣದ ಅಂಚಿನಿಂದ ಬೇರೆ ಮಾಡಿದ್ದಕ್ಕೇ ದರದಲ್ಲಿ ವ್ಯತ್ಯಾಸ ಬಂತು. ಆಫ್‌ಸೆಟ್ ಮುದ್ರಣದ ಅಲ್ಯೂಮಿನಿಯಂ ಪ್ಲೇಟುಗಳನ್ನಂತೂ ಒಂದೂ ಬಿಡದೆ ಮಾರುತ್ತೇವೆ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಕೇವಲ ಶೇ 5ರಷ್ಟು ಸಾಕು, ಹಳೆಯದನ್ನು ಕರಗಿಸಲು. ಶಾಯಿ ಒರೆಸಿದ ಬಟ್ಟೆಯನ್ನು ಮಾತ್ರ ಯಾವುದಕ್ಕೂ ಬೆರೆಸಬೇಡಿ, ಅದು ಅಪಾಯಕಾರಿ ತ್ಯಾಜ್ಯ.

ಅಕ್ಕಿ ಗಿರಣಿ, ಮಂಡ್ಯ ತಾಲ್ಲೂಕು

ಒಂದು ಟನ್ ಭತ್ತಕ್ಕೆ ಸುಮಾರು 200 ಕೆಜಿ ಹೊಟ್ಟು ಬರುತ್ತದೆ. ಭತ್ತ ಬೇಯಿಸಿ ಕುಸುಬಲಕ್ಕಿ ಮಾಡುವವರು ಅದನ್ನು ಬಾಯ್ಲರಿಗೇ ಹಾಕಿಕೊಳ್ಳುತ್ತಾರೆ. ನಾವು ಭತ್ತ ಬೇಯಿಸದೆ ಬೆಳ್ತಿಗೆ ಅಕ್ಕಿ ಮಾಡುವವರು, ಹೊಟ್ಟು ಮಿಗುತ್ತದೆ. ಆಲೆಮನೆಯ ಯಜಮಾನರು ಮೇಷ್ಟ್ರು ಹೇಳಿದಂತೆ ಒಲೆಗೆ ಜಾಲರಿ ಹಾಕಿಸಿದರೆ, ಮಳೆ ಬಿದ್ದು ರಚ್ಚು ಒಣಗದ ದಿನಗಳಿಗೆ ನಮ್ಮ ಹೊಟ್ಟನ್ನು ಕೊಡಬಹುದು. ದೂರ ಹೆಚ್ಚಿದಷ್ಟೂ ಬಾಡಿಗೆ ಏರುತ್ತದೆ, ಹೊಟ್ಟು ಹಗುರವಾದರೂ ಲಾರಿ ತುಂಬಾ ಜಾಗ ಹಿಡಿಯುತ್ತದೆ. ಹಾಗಾಗಿ ಹತ್ತಿರದವರಿಗೇ ಇದು ಹೊಂದುತ್ತದೆ.

ಬೂದಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಹೊಟ್ಟಿನ ಐದನೇ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ, ಅದರಲ್ಲಿ ಶೇ 90ರಷ್ಟು ಸಿಲಿಕಾ. ಹದವಾದ ಉರಿಯಲ್ಲಿ ಸುಟ್ಟ ಬೂದಿ ಸಿಮೆಂಟಿನ ಜೊತೆ ಚೆನ್ನಾಗಿ ಬೆರೆಯುತ್ತದೆ. ಉರಿ ಅತಿಯಾದರೆ ಸಿಲಿಕಾ ಹರಳುಗಟ್ಟುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ನೀರು ಚಿಮುಕಿಸದೆ ಆ ಬೂದಿಯನ್ನು ಬಾಚಬಾರದು.

ತೌಡಿನಲ್ಲಿ ನಾವೇ ಕಳೆದುಕೊಂಡದ್ದನ್ನೂ ಹೇಳಬೇಕು. ತೌಡಿನಲ್ಲಿ ಶೇ 15ರಿಂದ 20ರಷ್ಟು ಎಣ್ಣೆಯಿದೆ, ಆದರೆ ಅಕ್ಕಿಯಿಂದ ಬೇರ್ಪಟ್ಟ ಕೆಲವೇ ಗಂಟೆಗಳಲ್ಲಿ ಅದು ಕಮಟಲು ಶುರುವಾಗುತ್ತದೆ. ವಾರಕ್ಕೊಮ್ಮೆ ಲಾರಿ ತುಂಬಿಸಿ ಕಳಿಸುತ್ತಿದ್ದಾಗ ಅದು ದನದ ಮೇವಿನ ದರಕ್ಕೇ ಹೋಗುತ್ತಿತ್ತು. ಈಗ ಮೂರು ಗಿರಣಿಗಳು ಸೇರಿ ದಿನವೂ ಒಂದು ಗಾಡಿ ಕಳಿಸುತ್ತೇವೆ, ಎಣ್ಣೆ ತೆಗೆಯುವವರು ಕೊಳ್ಳುತ್ತಾರೆ. ಮೇಡಂ ಅವರ ಡ್ರಮ್ಮಿಗೂ ನಮ್ಮ ಗಾಡಿಗೂ ಇರುವ ನ್ಯಾಯ ಒಂದೇ.

ಎಳನೀರು ಮಂಡಿ, ಮದ್ದೂರು

ನಮ್ಮ ಮಾರುಕಟ್ಟೆಯಿಂದ ಲೋಡುಗಟ್ಟಲೆ ಎಳನೀರು ಹೊರಗೆ ಹೋಗುತ್ತದೆ, ಆದ್ದರಿಂದ ಬುರುಡೆಯ ಕಷ್ಟ ಬಹುಪಾಲು ಊರಾಚೆಯ ಗಾಡಿಯವರದು. ಬುರುಡೆಯಲ್ಲಿ ನೀರಿನಂಶ ವಿಪರೀತ, ಹಸಿಯಾಗಿ ಸಾಗಿಸಿದರೆ ನೀರಿಗೇ ಬಾಡಿಗೆ ಕೊಟ್ಟಂತೆ. ಸೀಳಿ ಬೋರಲು ಹಾಕಿ ಒಣಗಿಸಿದರೆ ಸೊಳ್ಳೆಯೂ ಹುಟ್ಟುವುದಿಲ್ಲ, ಉರುವಲೂ ಆಗುತ್ತದೆ. ನಾರು ತೆಗೆಯುವ ಘಟಕಗಳಲ್ಲಿ ಮಿಗುವ ನಾರಿನ ಪುಡಿಯನ್ನು ಹಾಗೆಯೇ ಗದ್ದೆಗೆ ಹಾಕಬೇಡಿ. ಇಂಗಾಲ ಅತಿಯಾಗಿ ಸಾರಜನಕ ಕಡಿಮೆ ಇರುವುದರಿಂದ ಬೆಳೆ ಹಳದಿಯಾಗುತ್ತದೆ. ಟನ್ನಿಗೆ ಐದು ಕೆಜಿ ಯೂರಿಯಾ ಮತ್ತು ಅಣಬೆಯ ಬೀಜ ಸೇರಿಸಿ ಪದರ ಪದರವಾಗಿ ಕೊಳೆಸಿದ ಮೇಲೆ ಒಳ್ಳೆಯ ಗೊಬ್ಬರ.

ಲೆಕ್ಕಪರಿಶೋಧಕಿ, ಮೈಸೂರು

ಸಹಾಯಧನದ ಬಗ್ಗೆ ನನಗೆ ಖಾಸಗಿಯಾಗಿ ಕೇಳಿದವರಿಗೆ ಇಲ್ಲಿಯೇ ಉತ್ತರಿಸುತ್ತೇನೆ. ಸಣ್ಣ ಘಟಕಗಳಿಗಾಗಿ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇಲ್ಲದಿದ್ದರೆ ಯಾವ ಬಾಗಿಲೂ ತೆರೆಯುವುದಿಲ್ಲ, ಅದು ಉಚಿತ. ದೋಷವಿಲ್ಲದ, ಪರಿಸರಕ್ಕೆ ಹಾನಿಯಿಲ್ಲದ ಉತ್ಪಾದನೆಗಾಗಿ ಕೇಂದ್ರ ಸರ್ಕಾರ ನಡೆಸುವ ಜೆಡ್ ಪ್ರಮಾಣಪತ್ರದ ವೆಚ್ಚದಲ್ಲಿ ಅತಿ ಸಣ್ಣ ಘಟಕಗಳಿಗೆ ಶೇ 80, ಸಣ್ಣವಕ್ಕೆ ಶೇ 60, ಮಧ್ಯಮದವಕ್ಕೆ ಶೇ 50 ರಿಯಾಯಿತಿಯ ಅವಕಾಶವಿದೆ. 2023ರ ಡಿಸೆಂಬರಿನಲ್ಲಿ ಆರಂಭವಾದ ಸ್ಪೈಸ್ ಯೋಜನೆ ಚಕ್ರೀಯ ಆರ್ಥಿಕತೆಗೆಂದೇ ಇರುವುದು, ಸಾಲದ ಜೊತೆ ಶೇ 25 ಬಂಡವಾಳ ಸಹಾಯಧನ, ಗರಿಷ್ಠ 12.5 ಲಕ್ಷ ರೂಪಾಯಿ. ಆದರೆ ಅದು ಪ್ಲಾಸ್ಟಿಕ್, ರಬ್ಬರ್, ಎಲೆಕ್ಟ್ರಾನಿಕ್ ತ್ಯಾಜ್ಯದ ಕ್ಷೇತ್ರಗಳಿಗೆ. ಆಲೆಮನೆಯ ಒಲೆಗೆ ಅದನ್ನು ನಂಬಿ ಸಾಲ ಮಾಡಬೇಡಿ. ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಜಾಲರಿ, ಎರಡು ಡಬ್ಬ, ತಕ್ಕಡಿ, ಪುಸ್ತಕ ಇವಕ್ಕೆ ಯಾವ ಅರ್ಜಿಯೂ ಬೇಕಿಲ್ಲ ಎಂಬುದನ್ನು ಮೇಡಂ ಅವರು ಮಾಡಿ ತೋರಿಸಿದ್ದಾರೆ.

ಕುರುಕಲು ತಿಂಡಿ ಘಟಕದ ಒಡತಿ, ಮದ್ದೂರು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎರಡು ಬೇಕರಿ, ಒಂದು ಕಾಂಡಿಮೆಂಟ್ಸ್, ಒಂದು ಹೋಟೆಲು ಹಾಗೂ ನಾವು, ಒಟ್ಟು ಐವರು ಒಪ್ಪಿ ನಮ್ಮ ಶೆಡ್ಡಿನಲ್ಲಿ ಡ್ರಮ್ ಇಟ್ಟಿದ್ದೇವೆ. ಯಾರು ಎಷ್ಟು ಸುರಿದರು ಎಂಬುದನ್ನು ಎಲ್ಲರ ಎದುರೇ ಬರೆಯುತ್ತೇವೆ. ನೀರು ಬೆರೆಯದಿರಲೆಂದು ಪ್ರತಿ ಕ್ಯಾನನ್ನೂ ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ತಳದಲ್ಲಿ ನೀರು ಕಂಡರೆ ಮೇಲಿನದನ್ನಷ್ಟೇ ಬಗ್ಗಿಸಿಕೊಳ್ಳುತ್ತೇವೆ. ಒಬ್ಬ ಬೇಕರಿಯವರು ತಮ್ಮ ಎಣ್ಣೆ ಇಷ್ಟೊಂದು ಹೋಗುತ್ತಿದೆಯೆಂದು ಪುಸ್ತಕ ನೋಡಿಯೇ ತಿಳಿದು, ನಮ್ಮ ಜಾಲರಿಯ ಅಳತೆ ಕೇಳಿಕೊಂಡು ಹೋದರು. ಡ್ರಮ್ ತುಂಬುವುದು ಅದರಿಂದ ತಡವಾದರೆ ನನಗೆ ಸಂತೋಷವೇ.

ಗುಜರಿಯವರೇ, ನಮ್ಮ ಪೊಟ್ಟಣ ಬೆಳ್ಳಿ ಪದರದ್ದೇ. ಒಂದೇ ಪದರದ್ದರಲ್ಲಿ ಚಕ್ಕುಲಿ ಹತ್ತೇ ದಿನಕ್ಕೆ ಮೆತ್ತಗಾಗಿ ಕಮಟಿತು, ದೂರದ ಅಂಗಡಿಗಳಿಗೆ ಅದು ಆಗದು. ಊರೊಳಗಿನ ಹದಿನಾಲ್ಕು ಅಂಗಡಿಗಳಿಗೆ ಮಾತ್ರ ಸ್ಟೀಲ್ ಡಬ್ಬಗಳಲ್ಲಿ ತುಂಬಿಸಿಕೊಟ್ಟು ಖಾಲಿ ಡಬ್ಬ ವಾಪಸು ತರುತ್ತಿದ್ದೇವೆ.

ಆಲೆಮನೆ ಯಜಮಾನರು, ಪಾಂಡವಪುರ ತಾಲ್ಲೂಕು

ಮೇಷ್ಟ್ರು ಮನೆಯಂಗಳಕ್ಕೇ ಬಂದು ಒಲೆ ನೋಡಿದರು, ಅವರಿಗೆ ಋಣಿ. ಎರಡನೆಯ ಕೊಪ್ಪರಿಗೆ ಕೂರಿಸಿ, ಜಾಲರಿ ಹಾಕಿಸಿ ಹನ್ನೊಂದು ದಿನವಾಯಿತು. ಒಣ ರಚ್ಚನ್ನು ಹೊರೆ ಕಟ್ಟಿ ತೂಗಿಯೇ ಒಲೆಗೆ ಕೊಡುತ್ತಿದ್ದೇವೆ. ಮೊದಲು ಒಂದು ಪಾಕಕ್ಕೆ ಹತ್ತು ಹೊರೆ ಬೇಕಾಗುತ್ತಿತ್ತು, ಈಗ ಏಳು ಹೊರೆಗೆ ಪಾಕ ಇಳಿಯುತ್ತಿದೆ. ಮಳೆ ಬಂದ ಎರಡು ದಿನ ಬಿಟ್ಟರೆ ಹೊರಗಿನ ಉರುವಲು ತರಿಸಿಲ್ಲ. ಮಂಡ್ಯ ತಾಲ್ಲೂಕಿನವರು ಹೊಗೆಯ ಬಗ್ಗೆ ಬರೆದದ್ದನ್ನು ನಮ್ಮ ಮನೆಯಲ್ಲಿ ಎಲ್ಲರೂ ಓದಿದೆವು.

ಕಳೆದ ಸೋಮವಾರ ಅಕಾಲದ ಮಳೆ ಬಂದು ಅಂಗಳದಲ್ಲಿ ಹರಡಿದ್ದ ರಚ್ಚೆಲ್ಲ ನೆನೆಯಿತು. ಎರಡು ದಿನ ಗಿರಣಿಯವರ ಹೊಟ್ಟಿನಲ್ಲೇ ಒಲೆ ನಡೆಸಿದೆವು. ನಲವತ್ತು ಅಡಿ ಉದ್ದದ, ಸುತ್ತ ಗಾಳಿಯಾಡುವ ಮಾಡು ಕಟ್ಟಬೇಕೆಂದಿದ್ದೇನೆ. ಅಗ್ಗವಾಗಿ ಮಾಡು ಹಾಕಿಸಿದವರು ಯಾರಾದರೂ ಇದ್ದರೆ ಹೊದಿಕೆಗೆ ಏನು ಬಳಸಿದಿರಿ, ಒಲೆಯಿಂದ ಎಷ್ಟು ದೂರ ಬಿಟ್ಟಿರಿ ಎಂಬುದನ್ನು ದಯವಿಟ್ಟು ತಿಳಿಸಿ.